ನಾಡಿನ ಗಿಡಮರಗಳೂ ಅವುಗಳ ಆಶ್ರಿತರೂ

'ಹಿತ್ತಿಲ ಗಿಡ ಮದ್ದಲ್ಲ' ಎಂಬ ಗಾದೆಯು ನಮ್ಮಲ್ಲಿ ಆಬಾಲವೃದ್ಧರಿಗೂ ತಿಳಿದಿರುವುದೇ. ಕಣ್ಣೆದುರಿಗಿರುವ ವಸ್ತುವಿನ ಬೆಲೆಯನ್ನು ಮನುಷ್ಯನು ಅರಿಯಲಾರನೆಂಬುದೇ ಅದರ ತಾತ್ಪರ್ಯವು. ಔಷಧದ ವಿಷಯದಲ್ಲಿ ಹುಟ್ಟಿದ ಈ ಮಾತು ಈಗಿನ ಕಾಲದಲ್ಲಿ ಇನ್ನೊಂದು ವಿಷಯಕ್ಕೂ ಚೆನ್ನಾಗಿ ಒಪ್ಪುವುದು. ಮರಗಳನ್ನು ನೆಡಬೇಕೆಂಬ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ೧೯೫೦ರಲ್ಲಿ ಮಾನ್ಯ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವು ಪ್ರತಿ ವರ್ಷವೂ ಜುಲೈ ತಿಂಗಳಿನಲ್ಲಿ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ನಡೆಯುತ್ತಲೇ ಇದೆ. ಎಷ್ಟು ಸಸಿಗಳನ್ನು ನೆಟ್ಟಿರೆಂದು ಎಲ್ಲರೂ ಕೇಳುವರು. ಯಾವ ಸಸಿಗಳನ್ನು ನೆಟ್ಟಿರೆಂದು ಕೇಳುವವರು ಮಾತ್ರ ವಿರಳ. ಮರವೆಂದರೆ ಮರವೇ, ಹಸಿರಾಗಿದ್ದರೆ ಸಾಕು, ಎಂಬುದೇ ಸಾಮಾನ್ಯ ಜನರ ಭಾವನೆ.

ಮನುಷ್ಯನಿಗೆ ನೆರಳೊಂದೇ ಬೇಕಾಗಿದ್ದ ಪಕ್ಷದಲ್ಲಿ ಈ ಭಾವನೆಯನ್ನು ತಪ್ಪೆನ್ನಲಾಗದು. ಆದರೆ ಭೂಮಿಯ ಮೇಲೆ ಮರವನ್ನು ಆಶ್ರಯಿಸಿರುವ ಪ್ರಾಣಿಯು ಮನುಷ್ಯನೊಬ್ಬನೇ ಅಲ್ಲ. ಹಕ್ಕಿ, ಅಳಿಲು, ಬಾವಲಿ, ಜೇನು, ದುಂಬಿ, ಚಿಟ್ಟೆ ಮೊದಲಾದ ಅಸಂಖ್ಯಾತ ಜೀವಿಗಳಿಗೆ ಮರವೇ ಅಡಿಗೆಯ ಮನೆ, ಮರವೇ ಬಾಣಂತಿಯ ಕೋಣೆ. ಇವುಗಳ ದೃಷ್ಟಿಯಿಂದ ನೋಡಿದರೆ ಒಂದು ಮರಕ್ಕೂ ಮತ್ತೊಂದು ಮರಕ್ಕೂ ಅಜಗಜಾಂತರವುಂಟು. ಈ ವ್ಯತ್ಯಾಸವು ಏತರಿಂದ ಬಂದಿತು, ನಮ್ಮ ಮನೆಯ ಅಂಗಳ ಹಿತ್ತಿಲುಗಳಲ್ಲಿ ಅದಕ್ಕೆ ತಕ್ಕಂತೆ ನಾವು ಮಾಡಬಹುದಾದುದೇನು, ಎಂಬುದನ್ನು ಯಥಾಮತಿಯಾಗಿ ವಿವರಿಸುವುದೇ ಈ ಲೇಖನದ ಉದ್ದೇಶವು.

೧. ಹೆಸರಿನಲ್ಲಿ ಅಡಗಿರುವ ನಂಟು

ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅದರ ವನೌಷಧಿವರ್ಗವು ನೆನಪಿರಬಹುದು. ಅಲ್ಲಿ ಅರಳಿಯ ಮರಕ್ಕೆ ಕೊಟ್ಟಿರುವ ಹೆಸರುಗಳಲ್ಲಿ 'ಕುಂಜರಾಶನ' ಎಂಬುದೂ ಒಂದು. ಆನೆಗಳ ಆಹಾರವೆಂದು ಅದರ ಅರ್ಥ. ಮುತ್ತುಗಕ್ಕೆ 'ಕಿಂಶುಕ'ವೆಂಬ ಹೆಸರುಂಟು. ಗಿಣಿಯ ಕೊಕ್ಕಿನಂತೆ ಕೆಂಪಾಗಿ ಬಾಗಿರುವ ಅದರ ಹೂವನ್ನು ಕಂಡವನು 'ಇದೇನು ಗಿಣಿಯೋ?' ಎಂದು ಬೆರಗಾಗುವನೆಂದು ಪಂಡಿತರು ಆ ಪದವನ್ನು ಬಿಡಿಸುವರು. ಅತ್ತಿಯ ಮರಕ್ಕಾದರೋ 'ಜಂತುಫಲ'ವೆಂದು ಹೆಸರು. ಹುಳುಗಳುಳ್ಳ ಹಣ್ಣಿನ ಮರವೆಂದು ತಾತ್ಪರ್ಯ. ಮರದ ಜೊತೆಯಲ್ಲಿ ಬಾಳುವ ಪ್ರಾಣಿಯನ್ನು ಬಿಟ್ಟು ಮರವನ್ನು ಹೆಸರಿಸುವುದೇ ನಮ್ಮ ಹಿರಿಯರಿಗೆ ಕಷ್ಟವಾಗಿತ್ತೆಂದು ತೋರುತ್ತದೆ.

ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆ ಹುಳುಗಳಿರುವುವೆಂದು ನಾವು ಮುಖ ತಿರುಗಿಸುವೆವು. ಆದರೆ ಆ ಹುಳುಗಳಿಲ್ಲದಿದ್ದರೆ ಅತ್ತಿಯ ಸಂತತಿಯೇ ಇರಲಾರದು. ನಾವು ಕಾಯಿಯೆನ್ನುವ ಆ ದುಂಡನೆಯ ವಸ್ತುವು ನಿಜವಾಗಿ ಒಂದು ಮುಚ್ಚಿದ ಹೂಗೊಂಚಲು. ಅದರ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹೂಗಳು ಹುದುಗಿರುವುವು. ಎಂದಿಗೂ ಕಾಣಸಿಗದ ವಸ್ತುವಿಗೆ 'ಅತ್ತಿಯ ಹೂವು' ಎಂದು ಹೇಳುವ ವಾಡಿಕೆಯು ಬಂದುದು ಇದರಿಂದಲೇ. ಕಾಯಿಯ ತುದಿಯಲ್ಲಿ ಒಂದು ಸಣ್ಣ ದ್ವಾರವುಂಟು. ಎಳ್ಳುಕಾಳಿಗಿಂತಲೂ ಚಿಕ್ಕದಾದ ಒಂದು ಬಗೆಯ ಕಣಜದ ಹೆಣ್ಣು ಆ ದ್ವಾರದಿಂದ ಒಳನುಗ್ಗುವುದು. ದಾರಿಯು ಎಷ್ಟು ಇಕ್ಕಟ್ಟಾದುದೆಂದರೆ, ನುಗ್ಗುವಾಗ ಅದರ ರೆಕ್ಕೆಗಳೇ ಕಳಚಿಹೋಗುವುವು; ಒಳಹೊಕ್ಕ ತಾಯಿಗೆ ಮತ್ತೆ ಹೊರಗೆ ಬರುವ ಮಾತಿಲ್ಲ. ತಾನು ಹುಟ್ಟಿದ ಮರದಿಂದ ತಂದ ಪರಾಗವನ್ನು ಆ ಹೂಗಳಿಗೆ ಸೋಕಿಸಿ, ಕೆಲವು ಹೂಗಳಲ್ಲಿ ಮೊಟ್ಟೆಗಳನ್ನಿಟ್ಟು, ಅದು ಅಲ್ಲಿಯೇ ಪ್ರಾಣ ಬಿಡುವುದು. ಮೊಟ್ಟೆಯಿಡದೆ ಉಳಿದ ಹೂಗಳು ಬೀಜವಾಗುವುವು. ಮರಿಗಳು ಬಲಿತ ಮೇಲೆ, ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಿದ್ದು ಹೆಣ್ಣುಗಳನ್ನು ಕೂಡಿ, ಅವುಗಳ ಬಿಡುಗಡೆಗಾಗಿ ಕಾಯಿಯ ಗೋಡೆಯಲ್ಲಿ ರಂಧ್ರವನ್ನು ಕೊರೆದು ಸಾಯುವುವು. ಹೆಣ್ಣುಗಳು ಪರಾಗವನ್ನು ಹೊತ್ತು ಆ ರಂಧ್ರದಿಂದ ಹಾರಿಹೋಗಿ ಮತ್ತೊಂದು ಅತ್ತಿಯ ಮರವನ್ನು ಅರಸುವುವು. ಅವುಗಳ ಆಯುಸ್ಸು ಒಂದೆರಡು ದಿನ ಮಾತ್ರ. ಆಲಕ್ಕೆ ಆಲದ ಕಣಜ, ಅರಳಿಗೆ ಅರಳಿಯ ಕಣಜ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಈ ವ್ಯವಸ್ಥೆಯಿಂದ ಒಂದು ದೊಡ್ಡ ಉಪಕಾರವು ತಾನಾಗಿ ಒದಗಿದೆ. ಕಣಜದ ಆಯುಸ್ಸು ಅಷ್ಟು ಅಲ್ಪವಾದುದರಿಂದ, ಯಾವ ಕಾಲದಲ್ಲಿಯೂ ಎಲ್ಲಿಯಾದರೂ ಒಂದು ಅತ್ತಿಯ ಮರವು ಕಾಯಿ ಬಿಟ್ಟಿರಲೇಬೇಕು. ಇಲ್ಲವಾದರೆ ಕಣಜದ ವಂಶವು ಮುಗಿಯುವುದು. ಆದಕಾರಣ ಅತ್ತಿ, ಆಲ, ಗೋಣಿ, ಬಸರಿ ಮೊದಲಾದ ಈ ಬಳಗದ ಮರಗಳೆಲ್ಲವೂ ಒಂದೇ ತಿಂಗಳಿನಲ್ಲಿ ಹಣ್ಣು ಬಿಡದೆ, ಒಂದೊಂದು ಒಂದೊಂದು ಕಾಲದಲ್ಲಿ ಬಿಡುತ್ತಿರುವುವು. ಬೇರೆ ಮರಗಳ ಫಲವೆಲ್ಲ ತೀರಿಹೋದ ದಿನಗಳಲ್ಲಿಯೂ ಕುಟ್ರುಹಕ್ಕಿ, ಹಸಿರು ಪಾರಿವಾಳ, ಗೊರವಂಕ, ಕೋಗಿಲೆ, ಮಂಗಟ್ಟೆ, ಬಾವಲಿ, ಅಳಿಲುಗಳಿಗೆ ಇವು ಅನ್ನಸತ್ರಗಳಾಗಿರುವುವು. ಸತ್ರದ ಊಟಕ್ಕೆ ಪ್ರತಿಯಾಗಿ ಆ ಅತಿಥಿಗಳು ಬೀಜಗಳನ್ನು ದೂರದೂರಕ್ಕೆ ಒಯ್ದು ಹರಡುವುವು. ಯಾರೂ ನೆಡದಿದ್ದರೂ ಹಳೆಯ ಗೋಡೆಗಳಲ್ಲಿಯೂ ಈಚಲ ಮರಗಳ ಸಂದಿಯಲ್ಲಿಯೂ ಆಲದ ಸಸಿ ಮೂಡುವುದು ಹೀಗೆಯೇ.

೨. ಚಿಟ್ಟೆಯ ತವರುಮನೆ

ಹಣ್ಣಿನ ಮಾತು ಹಾಗಿರಲಿ. ಎಲೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು.

ನಮ್ಮ ಗೃಹಿಣಿಯರಿಗೆ ಕರಿಬೇವಿಲ್ಲದೆ ಒಗ್ಗರಣೆಯಿಲ್ಲ. ಆ ಗಿಡದ ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದುಬಿಳಿಯಾಗಿ ಕಾಣುವ ಹುಳುವನ್ನು ಅನೇಕರು ನೋಡಿ ಕಿತ್ತೆಸೆದಿರಬಹುದು. ಅದು ಕಪ್ಪು ರೆಕ್ಕೆಯ ಒಂದು ಸುಂದರವಾದ ಚಿಟ್ಟೆಯ ಮರಿ. ಹಿಕ್ಕೆಯಂತೆ ಕಾಣುವುದು ಹಕ್ಕಿಗಳನ್ನು ವಂಚಿಸುವುದಕ್ಕಾಗಿ. ಬೆಳೆದಂತೆ ಅದು ಎಲೆಯ ಬಣ್ಣವನ್ನೇ ತಳೆಯುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಹೊರಚಾಚಿ ಘಾಟುವಾಸನೆಯನ್ನು ಬಿಡುವುದು. ತಾಯಿಚಿಟ್ಟೆಯು ಮೊಟ್ಟೆಯಿಡುವ ಮೊದಲು ಎಲೆಯ ಮೇಲೆ ಮುಂಗಾಲುಗಳನ್ನು ಬಡಿದು, ಕಾಲುಗಳಿಂದಲೇ ರುಚಿ ನೋಡಿ, ಇದು ತನ್ನ ಮಕ್ಕಳಿಗೆ ಒಗ್ಗುವ ಎಲೆಯೆಂದು ನಿಶ್ಚಯಿಸಿಕೊಳ್ಳುವುದು. ಕರಿಬೇವು, ನಿಂಬೆ ಮತ್ತು ಅವುಗಳ ಬಂಧುಗಳಾದ ಗಿಡಗಳನ್ನು ಬಿಟ್ಟು ಬೇರೆ ಎಲೆಯು ಆ ಮರಿಗಳಿಗೆ ಸಲ್ಲದು.

ಚಿಟ್ಟೆಗಳಲ್ಲಿ ಬಹುಪಾಲಿನ ಸ್ಥಿತಿಯು ಹೀಗೆಯೇ. ಎಕ್ಕದ ಗಿಡವು ಹಾಲಿನಲ್ಲಿ ವಿಷವನ್ನಿಟ್ಟುಕೊಂಡಿರುವುದರಿಂದ ಆಡು ಕೂಡ ಅದನ್ನು ಸಾಮಾನ್ಯವಾಗಿ ಬಾಯಲ್ಲಿಡದು. ಆದರೆ ಕಿತ್ತಳೆಬಣ್ಣದ ಒಂದು ಚಿಟ್ಟೆಯ ಮರಿಗಳು ಅದನ್ನೇ ತಿಂದು, ಆ ವಿಷವನ್ನು ಮೈಯಲ್ಲಿ ಧರಿಸಿ, ಹಕ್ಕಿಗಳಿಗೆ ತಾವೂ ಅರುಚಿಯಾಗುವುವು. ಕಕ್ಕೆಯ ಎಲೆಯ ಮೇಲೆ ತಿಳಿಹಳದಿಯ ಚಿಟ್ಟೆಗಳು ಮೊಟ್ಟೆಯಿಡುವುವು. ಈಶ್ವರಿಬಳ್ಳಿಯ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಗಳು ಹಲವು. ಅವುಗಳಲ್ಲಿ ಒಂದು, ಹೊಳೆಯುವ ಹಳದಿಯ ಹಿಂರೆಕ್ಕೆಗಳುಳ್ಳದ್ದು, ಹಕ್ಕಿಯ ಗಾತ್ರಕ್ಕೆ ಬೆಳೆದು ಸಹ್ಯಾದ್ರಿಯ ಕಾಡುಗಳಲ್ಲಿ ತೇಲಾಡುತ್ತಿರುವುದು. ಅದೇ ಇಂದು ಕರ್ನಾಟಕದ ರಾಜ್ಯಚಿಟ್ಟೆಯಾಗಿ ಮನ್ನಣೆ ಪಡೆದಿದೆ. ಇನ್ನೊಂದು ಸ್ವಾರಸ್ಯವನ್ನೂ ಇಲ್ಲಿ ಹೇಳಬೇಕು. ಈಶ್ವರಿಬಳ್ಳಿಯನ್ನು ತಿಂದ ಚಿಟ್ಟೆಗಳು ವಿಷಮಯವಾದುದರಿಂದ ಹಕ್ಕಿಗಳು ಅವುಗಳ ಗೊಡವೆಗೆ ಹೋಗವು. ಇದನ್ನರಿತಂತೆ, ಕರಿಬೇವಿನ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಅವುಗಳ ಉಡುಗೆಯನ್ನೇ ಉಟ್ಟು, ಕಪ್ಪು ರೆಕ್ಕೆಯ ಮೇಲೆ ಕೆಂಪು ಬಿಳಿಯ ಚಿತ್ತಾರವನ್ನು ಬರೆದುಕೊಂಡು, ನಿರ್ಭಯವಾಗಿ ಓಡಾಡುವುವು! ಹಿತ್ತಿಲ ಕರಿಬೇವಿಗೂ ಬೇಲಿಯ ಈಶ್ವರಿಬಳ್ಳಿಗೂ ಇರುವ ಇಂತಹ ಸಂಬಂಧವನ್ನು ಯಾವ ಕವಿಯೂ ಕಲ್ಪಿಸಲಾರನು.

ಸಸ್ಯಗಳು ತಮ್ಮ ಎಲೆಗಳನ್ನು ಕಾಪಾಡಿಕೊಳ್ಳುವುದಕ್ಕಾಗಿ ನಾನಾ ವಿಧವಾದ ಕಹಿಯನ್ನೂ ವಿಷವನ್ನೂ ಸೃಷ್ಟಿಸಿಕೊಂಡಿರುವುವು. ಲಕ್ಷಾಂತರ ವರ್ಷಗಳ ಒಡನಾಟದಿಂದ ಆಯಾ ನಾಡಿನ ಹುಳುಗಳು ಆಯಾ ನಾಡಿನ ಎಲೆಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ಪಡೆದಿವೆ. ಸಮುದ್ರವನ್ನು ದಾಟಿ ನಿನ್ನೆ ಮೊನ್ನೆ ಬಂದ ಮರದ ಎಲೆಯು ಇವುಗಳಿಗೆ ಬಹುಮಟ್ಟಿಗೆ ಆಹಾರವೇ ಅಲ್ಲ. ಹೂವಿನ ಮಧುವನ್ನಾದರೆ ಚಿಟ್ಟೆಯು ಯಾವ ಗಿಡದಲ್ಲಿ ಬೇಕಾದರೂ ಹೀರಬಹುದು. ಸಂತಾನಕ್ಕೆ ಮಾತ್ರ ಅದು ತನ್ನ ಎಲೆಯನ್ನೇ ಹುಡುಕಿಕೊಂಡು ಬರಬೇಕು. ಊಟವು ದಾರಿಯ ಛತ್ರದಲ್ಲಿಯೂ ಆಗುವುದು. ಚೊಚ್ಚಲ ಹೆರಿಗೆಗೆ ತವರುಮನೆಯೇ ಬೇಕಷ್ಟೆ!

ಚಿಟ್ಟೆಯೊಂದು ಹೋದರೆ ಹೋಗಲಿ, ನಷ್ಟವೇನೆಂದು ಕೇಳುವವರಿಗೆ ಉತ್ತರವು ಸುಲಭವಾಗಿದೆ. ಕಾಳು ತಿನ್ನುವ ಗುಬ್ಬಚ್ಚಿಯು ಕೂಡ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳನ್ನು ಕೊಡುವುದಿಲ್ಲ. ಹುಳುಗಳನ್ನೇ ತಂದು ಗುಟುಕಿಡುವುದು. ಪಿಕಳಾರ, ಸಿಂಪಿಗ, ಸೂರಕ್ಕಿ, ಮಡಿವಾಳ ಹಕ್ಕಿಗಳ ಕ್ರಮವೂ ಇದೇ. ಗೂಡಿನಲ್ಲಿ ಬಾಯ್ದೆರೆದು ಕುಳಿತ ಮರಿಗೆ ಬೇಕಾದುದು ಮೆತ್ತನೆಯ ಎಲೆಹುಳು. ಎಲೆಯನ್ನು ತಿನ್ನುವ ಹುಳುವಿಲ್ಲದ ತೋಟದಲ್ಲಿ ಹಕ್ಕಿಯ ಸಂಸಾರವು ಸಾಗದು. ಒಂದು ತೂತೂ ಇಲ್ಲದೆ ಥಳಥಳಿಸುವ ಎಲೆಗಳುಳ್ಳ ಉದ್ಯಾನವು ನಮ್ಮ ಕಣ್ಣಿಗೆ ಸೊಗಸು. ಹಕ್ಕಿಗಾದರೋ ಅದು ಬರಿದಾದ ಉಗ್ರಾಣ.

೩. ಋತುವಿಗೊಂದು ಸಂತರ್ಪಣೆ

ನಾಡಿನ ಮರಗಳ ಇನ್ನೊಂದು ಗುಣವೆಂದರೆ, ಅವು ಈ ನಾಡಿನ ಪಂಚಾಂಗವನ್ನು ಬಲ್ಲವು. ಮಾಘ ಫಾಲ್ಗುಣಗಳಲ್ಲಿ ಕೆರೆಗಳು ಬತ್ತತೊಡಗಿ ಎಲೆಗಳುದುರುವಾಗ ಮುತ್ತುಗವೂ ಬೂರುಗವೂ ಎಲೆಗಳನ್ನೆಲ್ಲ ಕಳಚಿ ಮೈತುಂಬ ಕೆಂಪು ಹೂವನ್ನು ತಳೆಯುವುವು. ಆ ದಿನಗಳಲ್ಲಿ ಬೂರುಗದ ಮರದ ಮೇಲೆ ಕಾಗೆ, ಗೊರವಂಕ, ಸೂರಕ್ಕಿ, ಅಳಿಲುಗಳೂ, ಮಧ್ಯ ಏಷ್ಯದ ಕಡೆಯಿಂದ ಚಳಿಗಾಲಕ್ಕೆ ಬಂದಿರುವ ಗುಲಾಬಿ ಬಣ್ಣದ ಕಬ್ಬಕ್ಕಿಗಳೂ ನೆರೆದು, ಮದುವೆಯ ಮನೆಯಂತಹ ಗದ್ದಲವೆಬ್ಬಿಸುವುವು. ಚೈತ್ರದಲ್ಲಿ ಬೇವು ಹೂಬಿಡುವುದು. ಹೊಂಗೆಯು ಚಿಗುರಿ, ತಂಪಾದ ನೆರಳನ್ನೂ ಜೇನ್ನೊಣಗಳಿಗೆ ಹೂವನ್ನೂ ಕೊಡುವುದು. ವೈಶಾಖದಲ್ಲಿ ಕಕ್ಕೆಯು ಹೊನ್ನಿನ ತೋರಣವಾಗುವುದು. ಜ್ಯೇಷ್ಠ ಆಷಾಢಗಳಲ್ಲಿ ನೇರಳೆಯೂ ಬೇವಿನ ಹಣ್ಣೂ ಮಾಗುವುವು. ಆ ಮೇಲೆ ಕರಿಬೇವಿನ ಕಪ್ಪುಹಣ್ಣುಗಳಿಗಾಗಿ ಕೋಗಿಲೆಯೂ ಪಿಕಳಾರವೂ ಹಿತ್ತಿಲಿಗೆ ಬರುವುವು. ಮಳೆಗಾಲದಲ್ಲಿ ಲಕ್ಕಿಯ ಬೇಲಿಯು ನಸುನೀಲಿಯ ಹೂ ತಳೆದು ದುಂಬಿಗಳನ್ನು ಕರೆಯುವುದು. ಈ ನಡುವೆ ಬಿಡುವಾದ ದಿನಗಳನ್ನು ತುಂಬುವುದಕ್ಕೆ ಆಲ ಅತ್ತಿಗಳಿದ್ದೇ ಇವೆ. ಹೀಗೆ ಹತ್ತು ಜಾತಿಯ ನಾಡಿನ ಗಿಡಮರಗಳು ಒಂದು ಊರಿನಲ್ಲಿದ್ದರೆ ಹನ್ನೆರಡು ತಿಂಗಳೂ ಸಂತರ್ಪಣೆಯು ನಿಲ್ಲದು. ಹತ್ತರಲ್ಲಿ ಐದನ್ನು ಕಡಿದರೆ, ವರ್ಷದಲ್ಲಿ ಕೆಲವು ತಿಂಗಳು ಉಪವಾಸವೆಂದೇ ಅರ್ಥ. ಹಕ್ಕಿಯು ಹನ್ನೊಂದು ತಿಂಗಳು ಉಂಡು ಒಂದು ತಿಂಗಳು ಉಪವಾಸವಿರಲಾರದು.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಳೆಯ ಅತ್ತಿಯ ಮರವಿದ್ದಿತು. ರಸ್ತೆಯನ್ನು ಅಗಲ ಮಾಡುವ ಸಲುವಾಗಿ ಅದನ್ನು ಎರಡು ವರ್ಷಗಳ ಹಿಂದೆ ಕಡಿದರು. ಬುಡದಿಂದ ಕೊಂಬೆಯವರೆಗೆ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿದ್ದ ಸಮಯವದು. ಮಾರನೆಯ ದಿನ ಬೆಳಗಿನಲ್ಲಿ ಹಸಿರು ಪಾರಿವಾಳಗಳ ಒಂದು ಹಿಂಡು ಎಂದಿನಂತೆ ಬಂದಿತು. ಮರವಿದ್ದ ಸ್ಥಳದ ಮೇಲೆ ಎರಡು ಮೂರು ಸುತ್ತು ಹಾರಿ, ವಿದ್ಯುತ್ತಿನ ತಂತಿಯ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು, ಹೊರಟುಹೋಯಿತು. ಆ ಮೇಲೆ ನಾನು ಅವುಗಳನ್ನು ನಮ್ಮ ಬೀದಿಯಲ್ಲಿ ಕಂಡಿಲ್ಲ. ಕಡಿದ ಒಂದು ಮರಕ್ಕೆ ಬದಲಾಗಿ ಹತ್ತು ಸಸಿಗಳನ್ನು ನೆಟ್ಟರು. ಅವು ಚೆನ್ನಾಗಿ ಬೆಳೆದು ಬಣ್ಣಬಣ್ಣದ ಹೂಗಳನ್ನೂ ಬಿಡುತ್ತಿವೆ. ಒಂದು ಹೋಗಿ ಹತ್ತು ಬಂದಿತೆಂದು ಲೆಕ್ಕದ ಪುಸ್ತಕವು ಹೇಳುತ್ತದೆ. ಆದರೆ ಎಲ್ಲವೂ ಪರದೇಶದ ಅಲಂಕಾರದ ಮರಗಳು. ಅವುಗಳಲ್ಲಿ ಒಂದರ ಮೇಲೆಯೂ ಕುಟ್ರುಹಕ್ಕಿಯು ಹಣ್ಣು ತಿನ್ನುವುದನ್ನು ನಾನು ಈವರೆಗೆ ನೋಡಲಿಲ್ಲ.

೪. ಸೀಮೆಯ ಮರಗಳು

ಹೊರನಾಡುಗಳಿಂದ ಬಂದ ಗಿಡಗಳಿಗೆ ನಮ್ಮ ಜನರು 'ಸೀಮೆ' ಎಂಬ ವಿಶೇಷಣವನ್ನು ಸೇರಿಸುವ ಪದ್ಧತಿಯಿದೆ: ಸೀಮೆಹುಣಸೆ, ಸೀಮೆಬದನೆ, ಸೀಮೆಜಾಲಿ. ಈ ಸೀಮೆಜಾಲಿಗೇ ಬಳ್ಳಾರಿಜಾಲಿಯೆಂದೂ ಹೆಸರು. ಹೆಸರು ಬಳ್ಳಾರಿಯದು, ತವರು ಅಮೆರಿಕ! ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದಲೂ, ಮಳೆಮರವು ದಕ್ಷಿಣ ಅಮೆರಿಕದ ಕಡೆಯಿಂದಲೂ, ಸಿಲ್ವರ್ ಓಕ್ ಮತ್ತು ಅಕೇಶಿಯಗಳು ಆಸ್ಟ್ರೇಲಿಯದ ಕಡೆಯಿಂದಲೂ ಬಂದುವು. ನೀಲಗಿರಿಯು ಟಿಪ್ಪು ಸುಲ್ತಾನನ ಕಾಲದಲ್ಲಿಯೇ, ಸುಮಾರು ೧೭೯೦ರಲ್ಲಿ, ನಂದಿಬೆಟ್ಟಕ್ಕೆ ಬಂದಿತೆಂದು ಹೇಳುವರು. ಇದನ್ನು ಬಯಲುಸೀಮೆಯ ಒಣಭೂಮಿಗಳಲ್ಲಿ ಸಾವಿರಾರು ಎಕರೆ ಬೆಳೆಸಿದ ಮೇಲೆ, ನೆಲದ ತೇವವನ್ನು ಇದು ಹೀರುವುದೆಂಬ ದೂರು ಬಲವಾಗಿ, ೨೦೧೭ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಲಂಟಾನದ ಕಥೆಯು ಎಲ್ಲಕ್ಕಿಂತ ಶೋಚನೀಯವಾದುದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಉದ್ಯಾನದ ಅಲಂಕಾರಕ್ಕೆಂದು ಅಮೆರಿಕದ ಕಡೆಯಿಂದ ತಂದ ಈ ಪೊದೆಯು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳಲ್ಲಿ ಎದೆಯೆತ್ತರಕ್ಕೆ ಹಬ್ಬಿದೆ. ಇದರ ಹೂಗಳಿಗೆ ಚಿಟ್ಟೆಗಳು ಬರುವುದೂ, ಹಣ್ಣನ್ನು ಪಿಕಳಾರಗಳು ತಿನ್ನುವುದೂ ನಿಜವೇ. ಆದರೆ ಇದರ ಅಡಿಯಲ್ಲಿ ಹುಲ್ಲು ಬೆಳೆಯದು. ಕಾಡಿನ ಮರಗಳ ಸಸಿಗಳು ಮೇಲೇಳಲಾರವು. ಹುಲ್ಲನ್ನು ನೆಚ್ಚಿದ ಜಿಂಕೆ, ಕಡವೆ, ಕಾಟಿ, ಆನೆಗಳಿಗೆ ಮೇವು ಕಡಿಮೆಯಾಗುವುದು. ನಾಲ್ಕು ಹೂಗಳ ಚೆಲುವಿಗೆ ಮನಸೋತು ತಂದ ಗಿಡವು ಒಂದು ಕಾಡಿನ ಅನ್ನವನ್ನೇ ಕಸಿದುಕೊಂಡಿತು.

ಆದರೂ ಪರದೇಶದಿಂದ ಬಂದುದೆಲ್ಲವೂ ದೋಷಯುಕ್ತವೆಂದು ಹಟಹಿಡಿಯುವುದು ನ್ಯಾಯವಲ್ಲ. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯ ಮೂಲವು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಆದರೆ ಅದು ಅತಿಪ್ರಾಚೀನ ಕಾಲದಲ್ಲಿಯೇ ಬಂದು ನಮ್ಮದೇ ಆಗಿಹೋಗಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮೊದಲಾದ ಮರಗಳ ಮೇಲೆಯೇ ಗೂಡುಕಟ್ಟುವುವು. ಆ ಊರಿನವರು ಈ ಹಕ್ಕಿಗಳನ್ನು ಹೆರಿಗೆಗೆ ಬಂದ ಮನೆಯ ಹೆಣ್ಣುಮಕ್ಕಳಂತೆ ಕಾಣುವರೆಂಬುದು ಪ್ರಸಿದ್ಧವಾಗಿದೆ. ಹುಣಸೆಯ ಫಸಲಿಗಿಂತ ಹಕ್ಕಿಯ ಗೂಡು ದೊಡ್ಡದೆಂದು ಭಾವಿಸಿದ ಆ ಗ್ರಾಮಸ್ಥರ ಸೌಜನ್ಯವು ವಂದನೀಯವಾದುದು. ಆದರೆ ಇಲ್ಲಿ ಒಂದು ವಿವೇಚನೆ ಬೇಕು. ಕೊಕ್ಕರೆಗೆ ಹುಣಸೆಯಿಂದ ಬೇಕಾದುದು ಗಟ್ಟಿಯಾದ ಕೊಂಬೆ ಮಾತ್ರ. ಅದರ ಅನ್ನವು ಹೊಳೆಕೆರೆಗಳ ಮೀನು. ನೆಲೆಯನ್ನು ಯಾವ ಮರವಾದರೂ ಕೊಡಬಹುದು. ಎಲೆ, ಹೂ, ಹಣ್ಣುಗಳಿಂದ ಅನ್ನವನ್ನು ಕೊಡುವುದು ಬಹುಮಟ್ಟಿಗೆ ನಾಡಿನ ಮರಕ್ಕೇ ಸಾಧ್ಯ. ಆದಕಾರಣ ಈಗಾಗಲೇ ಬೆಳೆದು ನಿಂತಿರುವ ಮಳೆಮರವನ್ನೋ ಗುಲ್‌ಮೊಹರನ್ನೋ ಕಡಿಯಿರೆಂದು ನಾನು ಹೇಳುವವನಲ್ಲ. ಮುಂದೆ ನೆಡುವಾಗ ಮೊದಲ ತಾಂಬೂಲವು ನಾಡಿನ ಗಿಡಕ್ಕೆ ಸಲ್ಲಲೆಂಬುದಷ್ಟೇ ನನ್ನ ಪ್ರಾರ್ಥನೆ.

೫. ಆಕ್ಷೇಪಗಳೂ ಸಮಾಧಾನಗಳೂ

ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಸಮ್ಮತವಲ್ಲ. ಮನೆಮನೆಗಳಲ್ಲಿ ಕೇಳಿಬರುವ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

'ನೇರಳೆ, ಅತ್ತಿಗಳಿಂದ ಅಂಗಳವೆಲ್ಲ ಕಸ, ಗುಡಿಸುವವರಾರು?' ಎಂಬುದು ಮೊದಲನೆಯದು. ದಿನವೂ ಪೊರಕೆ ಹಿಡಿಯುವ ಸಹೋದರಿಯರ ಈ ಮಾತನ್ನು ತಳ್ಳಿಹಾಕುವ ಅಧಿಕಾರವು ಜಗಲಿಯ ಮೇಲೆ ಕುಳಿತು ಉಪದೇಶಿಸುವ ಪುರುಷರಿಗಿಲ್ಲ. ಆದುದರಿಂದ ಹಣ್ಣುದುರುವ ಮರವನ್ನು ಮುಂಬಾಗಿಲಿನ ಮುಂದೆ ನೆಡದೆ ಹಿತ್ತಿಲ ಮೂಲೆಯಲ್ಲಿ ನೆಡಬೇಕು; ಬಿದ್ದ ಎಲೆಯನ್ನು ಸುಡದೆ ಆ ಮರದ ಬುಡಕ್ಕೇ ಸರಿಸಬೇಕು. ಈ ತರಗೆಲೆಯ ಅಡಿಯಲ್ಲಿ ಬೆಳೆಯುವ ಹುಳುಗಳನ್ನು ಕೆದಕಿ ತಿನ್ನುವುದಕ್ಕೆ ಮಡಿವಾಳ ಹಕ್ಕಿಯು ತಾನಾಗಿ ಬರುವುದು. ಎಲೆಯು ಕೊಳೆತು ಗೊಬ್ಬರವೂ ಆಗುವುದು.

'ಹುಳು ಹತ್ತುವುದು' ಎಂಬುದು ಎರಡನೆಯದು. ಮೈತುಂಬ ರೋಮವುಳ್ಳ ಕಂಬಳಿಹುಳುವು ತಾಕಿದರೆ ತುರಿಕೆಯುಂಟಾಗುವುದು ನಿಜ. ಮಕ್ಕಳಿಗೆ ಅದನ್ನು ಮುಟ್ಟದಂತೆ ಕಲಿಸಬೇಕು. ಆದರೆ ಕರಿಬೇವು ನಿಂಬೆಗಳ ಚಿಟ್ಟೆಹುಳುಗಳು ನುಣುಪಾದುವು, ನಿರುಪದ್ರವಿಗಳು. ಎಲೆ ನಾಲ್ಕು ಹೋದರೆ ಗಿಡವು ಮತ್ತೆ ಚಿಗುರುವುದು. ಹುಳು ಕಂಡೊಡನೆ ವಿಷವನ್ನು ಚಿಮುಕಿಸಿದರೆ ಹುಳುವಿನೊಡನೆ ಹಕ್ಕಿಮರಿಯ ಊಟವೂ ವಿಷವಾಗುವುದು; ಒಗ್ಗರಣೆಗೆ ಕೀಳುವ ಎಲೆಯೂ ನಮಗೇ ವಿಷವಾಗುವುದು.

'ಪೊದೆಯಿದ್ದರೆ ಹಾವು ಬರುವುದು' ಎಂಬುದು ಮೂರನೆಯದು. ಹಾವು ಬರುವುದು ಮುಖ್ಯವಾಗಿ ಇಲಿಗಾಗಿ. ಇಲಿಯು ಬರುವುದು ಚೆಲ್ಲಿದ ಧಾನ್ಯಕ್ಕೂ ಅಡಿಗೆಯ ಕಸಕ್ಕೂ. ಮನೆಯ ಸುತ್ತ ಕಲ್ಲುರಾಶಿ, ಸೌದೆರಾಶಿ, ಕೊಳಕುಗಳನ್ನು ಬಿಡದೆ, ಪೊದೆಯ ಬೇಲಿಯನ್ನು ಗೋಡೆಯಿಂದ ಸ್ವಲ್ಪ ದೂರದಲ್ಲಿ ಬೆಳೆಸಿದರೆ ಭಯಕ್ಕೆ ಬಹುಮಟ್ಟಿಗೆ ಕಾರಣವಿಲ್ಲ.

'ಆಲ ಅರಳಿಗಳ ಬೇರು ಗೋಡೆಯನ್ನು ಒಡೆಯುವುದು' ಎಂಬ ನಾಲ್ಕನೆಯ ಆಕ್ಷೇಪವು ಸಂಪೂರ್ಣವಾಗಿ ಸಾಧುವಾದುದು. ಈ ಬಳಗದ ಮರಗಳನ್ನು ಮನೆಯ ಅಸ್ತಿಭಾರದ ಹತ್ತಿರವಾಗಲಿ ಬಾವಿಯ ಹತ್ತಿರವಾಗಲಿ ನೆಡಲೇಬಾರದು. ಕೆರೆಯ ಏರಿ, ಊರ ಹೊರಗಿನ ಮೈದಾನ, ದೇವಾಲಯದ ವಿಶಾಲವಾದ ಅಂಗಳಗಳೇ ಅವುಗಳಿಗೆ ಯೋಗ್ಯವಾದ ಸ್ಥಾನಗಳು. ನಮ್ಮ ಹಿರಿಯರು ಅರಳಿಗೂ ಬೇವಿಗೂ ಮದುವೆ ಮಾಡಿ, ಮನೆಯಿಂದ ದೂರವಾಗಿ ಕಟ್ಟೆ ಕಟ್ಟಿಸಿ ಪೂಜಿಸಿದುದರಲ್ಲಿ ಭಕ್ತಿಯೊಡನೆ ವಿವೇಕವೂ ಇದ್ದಿತು.

೬. ಎಲ್ಲಿ ಯಾವುದನ್ನು ನೆಡಬೇಕು

ಮಹಡಿಯ ಮನೆಯಲ್ಲಿ ಕುಂಡವೊಂದೇ ಗತಿಯಾದವರು ಒಂದು ಕರಿಬೇವನ್ನೋ ನಿಂಬೆಯನ್ನೋ ಬೆಳೆಸಲಿ. ಎತ್ತರದ ಮನೆಗೂ ಚಿಟ್ಟೆಯು ಹುಡುಕಿಕೊಂಡು ಬರುವುದುಂಟು.

ಚಿಕ್ಕ ಹಿತ್ತಿಲುಳ್ಳವರಿಗೆ ಕರಿಬೇವಿನ ಜೊತೆಗೆ ಕೇಪಳ, ನಂದಿಬಟ್ಟಲು, ಪಾರಿಜಾತಗಳು ಸಾಕು. ಕೇಪಳದ ಕೆಂಪುಹೂವಿಗೆ ದೊಡ್ಡ ಚಿಟ್ಟೆಗಳೂ, ಹಣ್ಣಿಗೆ ಪಿಕಳಾರಗಳೂ ಬರುವುವು. ದೇವರ ಪೂಜೆಗೂ ಹೂವಾಗುವುದು.

ಬೇಲಿಗೆ ತಂತಿಯ ಬದಲು ಲಕ್ಕಿ, ಆಡುಸೋಗೆ, ಬಂದರಿಕೆ, ತಂಗಡಿ, ಕವಳೆಗಳನ್ನು ಬೆರಕೆಯಾಗಿ ನೆಡಬಹುದು. ಕರಾವಳಿಯವರು ಕರಂಡೆಯೆನ್ನುವ ಈ ಕವಳೆಯ ಮುಳ್ಳುಗಳ ನಡುವೆ ಸಣ್ಣ ಹಕ್ಕಿಗಳು ಬೆಕ್ಕಿನ ಭಯವಿಲ್ಲದೆ ಗೂಡುಕಟ್ಟುವುವು. ಅದರ ಕಾಯಿಯು ನಮ್ಮ ಉಪ್ಪಿನಕಾಯಿಯ ಭರಣಿಗೂ ಸಲ್ಲುವುದು.

ಹೊಲದ ಬದು ಮತ್ತು ದೊಡ್ಡ ನಿವೇಶನಗಳಿಗೆ ಹೊಂಗೆ, ಬೇವು, ನೇರಳೆ, ಕಕ್ಕೆ, ಮುತ್ತುಗಗಳು ಯೋಗ್ಯವಾದುವು. ಮಲೆನಾಡು ಕರಾವಳಿಗಳಲ್ಲಿ ರಂಜೆ, ಮುರುಗಲು, ಬೈನೆಗಳನ್ನು ಬೆಳೆಸಬಹುದು. ಮಲೆನಾಡಿನ ಮರವು ಒಣಸೀಮೆಗೆ ಒಂದು ಬಗೆಯಲ್ಲಿ ಪರದೇಶಿಯೇ ಎಂಬುದನ್ನು ಮರೆಯಬಾರದು. ತಮ್ಮ ಊರಿನ ಗುಡ್ಡದಲ್ಲಿಯೂ ಹಳೆಯ ಬೇಲಿಯಲ್ಲಿಯೂ ತಾನಾಗಿ ಬೆಳೆಯುವುದೇನೆಂಬುದನ್ನು ಹಿರಿಯರಲ್ಲಿ ಕೇಳಿ ತಿಳಿದು ನೆಡುವುದೇ ಉತ್ತಮ ಮಾರ್ಗವು.

ಮುಂಗಾರಿನ ಮೊದಲ ಹದಮಳೆಯಾದ ಮೇಲೆ ನೆಡಬೇಕು. ನೇರಳೆಯ ಬೀಜವು ಒಣಗಿದರೆ ಮೊಳೆಯದಾದುದರಿಂದ ಹಣ್ಣು ತಿಂದೊಡನೆ ಬಿತ್ತಬೇಕು. ಆಲವನ್ನು ಮಳೆಗಾಲದಲ್ಲಿ ಬಲಿತ ಕೊಂಬೆಯನ್ನು ನೆಟ್ಟೂ ಬೆಳೆಸಬಹುದು. ಮೊದಲ ಎರಡು ಬೇಸಗೆ ನೀರೆರೆದು, ಆಡುದನಗಳಿಂದ ಕಾಪಾಡಿದರೆ, ಆ ಮೇಲೆ ನಾಡಿನ ಗಿಡವು ತನ್ನ ಕಾಲ ಮೇಲೆ ತಾನು ನಿಲ್ಲುವುದು. ಹಳೆಯ ಮರದಲ್ಲಿ ಒಣಗಿದ ಕೊಂಬೆಯಿದ್ದು, ಅದು ಯಾರ ತಲೆಯ ಮೇಲೂ ಬೀಳುವಂತಿಲ್ಲದಿದ್ದರೆ, ಅದನ್ನು ಹಾಗೆಯೇ ಬಿಡಬೇಕು. ಕುಟ್ರುಹಕ್ಕಿಯೂ ಮರಕುಟಿಕವೂ ಪೊಟರೆ ಕೊರೆಯುವುದು ಅಂತಹ ಕೊಂಬೆಯಲ್ಲಿಯೇ. ಇನ್ನು, ಬೆಳೆದ ಮರವನ್ನು ಕಡಿಯುವ ಯೋಚನೆ ಬಂದಾಗ, ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆಯಬೇಕಾಗುವುದೆಂಬುದನ್ನು ಗೃಹಸ್ಥರು ನೆನಪಿನಲ್ಲಿಡತಕ್ಕದ್ದು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಕೆಲಸವನ್ನು ಮಾಡಿ ನೋಡಬಹುದು. ಒಂದು ಬರೆಯುವ ಪುಸ್ತಕವನ್ನು ಮಗುವಿಗೆ ಕೊಟ್ಟು, ಮನೆಯ ಹತ್ತಿರದ ಒಂದು ಮರಕ್ಕೆ ವರ್ಷವಿಡೀ ಯಾರು ಯಾರು ಬಂದರು, ಏನನ್ನು ತಿಂದರು, ಎಂದು ಬರೆಯಿಸಬೇಕು. ನಾಡಿನ ಮರಕ್ಕೂ ಅಲಂಕಾರದ ಮರಕ್ಕೂ ಇರುವ ಭೇದವನ್ನು ನನ್ನ ಈ ದೀರ್ಘವಾದ ಲೇಖನಕ್ಕಿಂತ ಆ ಪುಸ್ತಕವೇ ಚೆನ್ನಾಗಿ ತಿಳಿಸುವುದು.

೭. ಇಬ್ಬರು ತಾಯಂದಿರು

ಇದೆಲ್ಲವೂ ಹಣವಂತರಿಗೋ ಪಂಡಿತರಿಗೋ ಮೀಸಲಾದ ಕಾರ್ಯವೆಂದು ಯಾರೂ ತಿಳಿಯಬಾರದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಶಾಲೆಯ ಮುಖವನ್ನು ಕಂಡವರಲ್ಲ. ಕೂಲಿ ಮಾಡಿ ಜೀವಿಸಿದವರು. ಮಕ್ಕಳಿಲ್ಲದ ಆ ತಾಯಿ, ತಮ್ಮ ಪತಿಯಾದ ಚಿಕ್ಕಯ್ಯನವರೊಡನೆ, ಹುಲಿಕಲ್ಲಿಗೂ ಕುದೂರಿಗೂ ನಡುವಣ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ, ನೂರಾರು ಮರಗಳನ್ನು ಮಕ್ಕಳಂತೆ ಸಾಕಿದರು. ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ೨೦೨೫ರಲ್ಲಿ ಅವರು ದಿವಂಗತರಾದರು. ಅವರು ಆರಿಸಿಕೊಂಡುದು ಆಲವನ್ನು ಎಂಬುದು ಗಮನಾರ್ಹವಾದುದು. ಅಂಕೋಲೆಯ ಕಡೆಯ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಸಮುದಾಯದ ಮಹಿಳೆ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ದುಡಿದು, ಕಾಡಿನ ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು, ಎಂಬ ವಿದ್ಯೆಯನ್ನು ಅಕ್ಷರದ ಸಹಾಯವಿಲ್ಲದೆ ಕರಗತ ಮಾಡಿಕೊಂಡಿದ್ದರು. ೨೦೨೦ರ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಅವರು ೨೦೨೪ರಲ್ಲಿ ತೀರಿಕೊಂಡರು. ಈ ಇಬ್ಬರು ತಾಯಂದಿರೂ ಇಂದಿಲ್ಲ. ಅವರ ಮರಗಳಲ್ಲಿ ಹಕ್ಕಿಗಳ ಸಂಸಾರವು ನಡೆಯುತ್ತಲೇ ಇದೆ.

ವಾಚಕ ಸೋದರ ಸೋದರಿಯರೇ, ಗೃಹಸ್ಥನು ದಿನವೂ ಮಾಡಬೇಕಾದ ಪಂಚಯಜ್ಞಗಳಲ್ಲಿ ಭೂತಯಜ್ಞವೆಂಬುದು ಒಂದು. ತಾನು ಉಣ್ಣುವ ಮೊದಲು ಕಾಗೆ, ಇರುವೆ ಮೊದಲಾದ ಪ್ರಾಣಿಗಳಿಗೆ ಒಂದು ತುತ್ತನ್ನು ಇಡುವುದೇ ಅದರ ರೂಪವು. ನಾವು ಇಡುವ ತುತ್ತು ಆ ದಿನದ ಮಟ್ಟಿಗೆ ಮಾತ್ರ; ನೆಟ್ಟ ನೇರಳೆಯಾದರೋ ನಾವು ಮರೆತ ದಿನವೂ, ನಾವು ಊರಿನಲ್ಲಿಲ್ಲದ ದಿನವೂ, ನಾವೇ ಇಲ್ಲದ ದಿನವೂ ಇಡುತ್ತಲೇ ಇರುವುದು. ಬರುವ ಮಳೆಗಾಲದಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಊರಿನದೇ ಆದ ಒಂದು ಗಿಡವನ್ನು ನೆಟ್ಟು, ಅದರ ಎಲೆಯಲ್ಲಿ ಮೊದಲ ತೂತು ಕಂಡ ದಿನ ಬೇಸರಪಡದೆ, ಅತಿಥಿಯು ಬಂದನೆಂದು ಸಂತೋಷಪಡಲಿ.